ಅಮೆರಿಕದ ಬಿಲ್ಲು, ಬೆಂಗಳೂರಿನ ಇರುಳು: ಮೆಡಿಕಲ್ ಬಿಲ್ಲಿಂಗ್ ವೃತ್ತಿ ಎತ್ತ ಸಾಗಿದೆ?

ಬೆಂಗಳೂರು: ಸಂಜೆ ಆರೂವರೆ ಗಂಟೆ. ಹೊರ ವರ್ತುಲ ರಸ್ತೆಯಲ್ಲಿ ಮನೆಗೆ ಮರಳುವವರ ವಾಹನಗಳು ಒಂದರ ಹಿಂದೊಂದು ನಿಂತಿರುವ ಹೊತ್ತಿನಲ್ಲೇ, ಎದುರು ದಿಕ್ಕಿನಿಂದ ಕಂಪನಿಯ ಕ್ಯಾಬುಗಳಲ್ಲಿ ಇನ್ನೊಂದು ಸಮೂಹ ಕೆಲಸಕ್ಕೆ ಹೊರಟಿರುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಇಲ್ಲಿನ ಸಂಜೆ ಆರೂವರೆ ಎಂದರೆ ನ್ಯೂಯಾರ್ಕಿನ ಬೆಳಗಿನ ಒಂಬತ್ತು. ಅಲ್ಲಿ ವೈದ್ಯರ ಕ್ಲಿನಿಕ್ಕುಗಳ ಬಾಗಿಲು ತೆರೆಯುತ್ತಿದ್ದಂತೆ ಇಲ್ಲಿ ಕಂಪ್ಯೂಟರುಗಳ ಪರದೆ ಬೆಳಗುತ್ತದೆ. ಆ ಸಮೂಹದಲ್ಲಿ ಬಿ.ಕಾಂ. ಮುಗಿಸಿದ ಹಾಸನದ ಹುಡುಗನಿರಬಹುದು, ಬಿ.ಫಾರ್ಮಾ ಮುಗಿಸಿದ ಕಲಬುರಗಿಯ ಹುಡುಗಿಯಿರಬಹುದು. ಇಬ್ಬರೂ ಎಂದೂ ಕಾಣದ ರೋಗಿಗಳ, ಎಂದೂ ಭೇಟಿಯಾಗದ ವೈದ್ಯರ ಬಿಲ್ಲುಗಳನ್ನು ವಸೂಲು ಮಾಡಿಕೊಡುವುದು ಅವರ ಉದ್ಯೋಗ.

ಇದನ್ನು ಮೆಡಿಕಲ್ ಬಿಲ್ಲಿಂಗ್ ಎನ್ನುತ್ತಾರೆ. ಉದ್ಯಮದ ಪರಿಭಾಷೆಯಲ್ಲಿ ಇದಕ್ಕೆ ರೆವೆನ್ಯೂ ಸೈಕಲ್ ಮ್ಯಾನೇಜ್‌ಮೆಂಟ್ ಎಂಬ ದೊಡ್ಡ ಹೆಸರೂ ಉಂಟು. ಬೆಂಗಳೂರಿನಲ್ಲಿ ಈ ಉದ್ಯಮಕ್ಕೆ ಕಾಲು ಶತಮಾನದ ಆಸುಪಾಸಿನ ಚರಿತ್ರೆಯಿದೆ. ಪದವಿ ಮುಗಿಸಿ ಕೆಲಸಕ್ಕಾಗಿ ಅಲೆಯುವವರ ಕಣ್ಣಿಗೆ ಬೀಳುವಂತೆ 'ಮೂರು ತಿಂಗಳಲ್ಲಿ ಮೆಡಿಕಲ್ ಕೋಡಿಂಗ್, ಉದ್ಯೋಗ ಖಚಿತ' ಎಂಬಂತಹ ಫಲಕಗಳು ನಗರಗಳ ಬೀದಿಗಳಲ್ಲಿ ಇಂದಿಗೂ ತೂಗುತ್ತಿವೆ. ಆದರೆ ಈ ವೃತ್ತಿಯ ಒಂದು ತುದಿಯನ್ನು ಯಂತ್ರ ಹಿಡಿದಿದೆ, ಇನ್ನೊಂದು ತುದಿಯನ್ನು ಅಮೆರಿಕದ ರಾಜಕಾರಣ ಎಳೆಯುತ್ತಿದೆ. ಹೀಗಿರುವಾಗ ಸಾಲ ಮಾಡಿ ಶುಲ್ಕ ಕಟ್ಟುವ ಮಧ್ಯಮ ವರ್ಗದ ಕುಟುಂಬವೊಂದು ನಿಜಕ್ಕೂ ಏನನ್ನು ಕೊಳ್ಳುತ್ತಿದೆ ಎಂಬ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲ ಬಂದಿದೆ.

ಒಂದು ಜ್ವರಕ್ಕೆ ಎಷ್ಟು ಕೈ?

ಈ ಕೆಲಸ ಹುಟ್ಟಿದ್ದೇಕೆ ಎಂಬುದನ್ನು ಅರಿಯಬೇಕಾದರೆ ಅಮೆರಿಕದ ಆರೋಗ್ಯ ವ್ಯವಸ್ಥೆಯತ್ತ ನೋಡಬೇಕು. ಅಲ್ಲಿ ರೋಗಿ ವೈದ್ಯರ ಕೈಗೆ ಹಣ ಕೊಟ್ಟು ಎದ್ದು ಬರುವುದು ಅಪರೂಪ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಹಿರಿಯರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆಗಳು ಬಂದವು. ಉಳಿದವರಲ್ಲಿ ಬಹುತೇಕರಿಗೆ ಉದ್ಯೋಗದಾತರ ಮೂಲಕ ದೊರೆಯುವ ಖಾಸಗಿ ವಿಮೆಯೇ ಆಧಾರ. ಹಣ ಕೊಡುವವರು ಹಲವರು, ಅವರ ನಿಯಮಗಳೂ ಹಲವು. ಹೀಗಾಗಿ ವೈದ್ಯರು ಮಾಡಿದ ಪ್ರತಿಯೊಂದು ಕೆಲಸವನ್ನೂ ವಿಮಾದಾರರಿಗೆ ಅರ್ಥವಾಗುವ ಸಂಕೇತಗಳಲ್ಲಿ ಬರೆದು ಕಳುಹಿಸಬೇಕಾಯಿತು.

ಚಿಕಿತ್ಸೆಯ ವಿಧಾನಗಳಿಗೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಸಿಪಿಟಿ ಎಂಬ ಸಂಕೇತಮಾಲೆಯನ್ನು ಮೊದಲ ಬಾರಿಗೆ ಪ್ರಕಟಿಸಿತು. ರೋಗಗಳನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಪಟ್ಟಿಯ ಅಮೆರಿಕದ ಆವೃತ್ತಿಯನ್ನು ಬಳಸಲಾಗುತ್ತದೆ. ತೊಡಕಿಲ್ಲದ ಎರಡನೇ ಬಗೆಯ ಮಧುಮೇಹಕ್ಕೆ ಇ11.9, ಸಾಮಾನ್ಯ ರಕ್ತದೊತ್ತಡಕ್ಕೆ ಐ10, ಹಳೆಯ ರೋಗಿಯೊಬ್ಬರು ಕ್ಲಿನಿಕ್ಕಿಗೆ ಬಂದು ವೈದ್ಯರನ್ನು ಕಂಡ ಒಂದು ಬಗೆಯ ಭೇಟಿಗೆ 99213. ಕಿವಿನೋವು ಎಂದಷ್ಟೇ ಬರೆದರೆ ಸಾಲದು, ಎಡಗಿವಿಯೋ ಬಲಗಿವಿಯೋ ಎಂಬುದಕ್ಕೂ ಪ್ರತ್ಯೇಕ ಸಂಕೇತವಿದೆ. ಬಾತುಕೋಳಿ ಬಡಿದು ಗಾಯವಾದರೆ ಅದಕ್ಕೂ ಒಂದು ಸಂಕೇತ ಉಂಟು.

1996ರ ಹಿಪಾ ಕಾಯ್ದೆಯು ವಿದ್ಯುನ್ಮಾನ ವಹಿವಾಟಿಗೆ ಏಕರೂಪದ ಸಂಕೇತಗಳನ್ನು ಕಡ್ಡಾಯಗೊಳಿಸಲು ದಾರಿ ಮಾಡಿಕೊಟ್ಟಿತು. ಕಾಗದದ ರಾಶಿ ಕಂಪ್ಯೂಟರಿನ ಕಡತವಾದಾಗ ಅದನ್ನು ಸಿದ್ಧಪಡಿಸುವ ಕೈಗಳು ನ್ಯೂಜೆರ್ಸಿಯಲ್ಲಿಯೇ ಇರಬೇಕೆಂಬ ನಿರ್ಬಂಧ ಉಳಿಯಲಿಲ್ಲ. ಹೊರಗುತ್ತಿಗೆಯ ಬಾಗಿಲು ತೆರೆದದ್ದು ಅಲ್ಲಿ.

ಈ ವ್ಯವಸ್ಥೆಯ ಗಾತ್ರವನ್ನು ಒಂದು ಅಂಕಿ ಹೇಳುತ್ತದೆ. 2023ರಲ್ಲಿ ಅಮೆರಿಕ ಆರೋಗ್ಯಕ್ಕಾಗಿ ಸುಮಾರು 4.9 ಲಕ್ಷ ಕೋಟಿ ಡಾಲರ್ ವೆಚ್ಚ ಮಾಡಿತು. ಇದು ಆ ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇ 17.6ರಷ್ಟು. ಇನ್ನೊಂದು ಅಂಕಿ ಈ ಉದ್ಯೋಗದ ಅಗತ್ಯವನ್ನು ತಿಳಿಸುತ್ತದೆ. ಕೆಎಫ್ಎಫ್ ಸಂಸ್ಥೆಯ ವಿಶ್ಲೇಷಣೆಯಂತೆ, ಒಬಾಮ ಕಾಲದ ಆರೋಗ್ಯ ಕಾನೂನಿನಡಿ ಕೇಂದ್ರ ಸರ್ಕಾರದ ಜಾಲತಾಣದ ಮೂಲಕ ಮಾರಾಟವಾಗುವ ವಿಮೆಗಳಲ್ಲಿ, ಜಾಲದೊಳಗಿನ ಆಸ್ಪತ್ರೆಗಳಿಂದ ಬಂದ ಕ್ಲೇಮುಗಳ ಪೈಕಿ ಶೇ 19ರಷ್ಟನ್ನು ವಿಮಾ ಕಂಪನಿಗಳು 2023ರಲ್ಲಿ ತಿರಸ್ಕರಿಸಿದವು. ಐದರಲ್ಲಿ ಒಂದು ಬಿಲ್ಲು ವಾಪಸ್ಸು! ತಿರಸ್ಕೃತವಾದವುಗಳಲ್ಲಿ ರೋಗಿಗಳು ಮೇಲ್ಮನವಿ ಸಲ್ಲಿಸಿದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಉಳಿದ ಹಣಕ್ಕಾಗಿ ವೈದ್ಯರ ಪರವಾಗಿ ಬೆನ್ನುಹತ್ತುವವರು ಬೇಕು. ಹಾಸನದ ಹುಡುಗನ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

ನಾಲ್ಕು ಮೆಟ್ಟಿಲು

ಹೊರಗಿನವರಿಗೆ ಎಲ್ಲವೂ 'ಬಿಲ್ಲಿಂಗ್' ಎಂದೇ ತೋರಿದರೂ ಒಳಗೆ ಸ್ಪಷ್ಟವಾದ ಶ್ರೇಣಿಗಳಿವೆ. ಮೊದಲ ಮೆಟ್ಟಿಲು ನಮೂದಿನದು. ರೋಗಿಯ ಹೆಸರು, ಜನ್ಮದಿನಾಂಕ, ವಿಮಾ ಸಂಖ್ಯೆ, ಚಿಕಿತ್ಸೆಯ ದರ ಇವನ್ನು ಕಂಪ್ಯೂಟರಿಗೆ ಏರಿಸುವುದು ಹಾಗೂ ಬಂದ ಹಣವನ್ನು ಲೆಕ್ಕಕ್ಕೆ ಜಮಾ ಮಾಡುವುದು. ಯಾವುದೇ ಪದವೀಧರರು ಕೆಲವೇ ವಾರಗಳಲ್ಲಿ ಇದನ್ನು ಕಲಿಯಬಲ್ಲರು.

ಎರಡನೆಯದು ಎ.ಆರ್. ಕಾಲಿಂಗ್, ಅಂದರೆ ಬಾಕಿಯ ಬೆನ್ನಟ್ಟುವಿಕೆ. ಹಣ ಬಾರದ ಬಿಲ್ಲುಗಳ ಪಟ್ಟಿ ಹಿಡಿದು ವಿಮಾ ಕಂಪನಿಗೆ ದೂರವಾಣಿ ಕರೆ ಮಾಡಿ ಕಾರಣ ಕೇಳುವುದು. ಮಾಹಿತಿ ಅಪೂರ್ಣ, ಚಿಕಿತ್ಸೆ ವೈದ್ಯಕೀಯವಾಗಿ ಅಗತ್ಯವಿರಲಿಲ್ಲ, ಗಡುವು ಮೀರಿದೆ ಎಂಬಂತಹ ಪ್ರತಿಯೊಂದು ಕಾರಣಕ್ಕೂ ಒಂದೊಂದು ಸಂಖ್ಯೆ. ಮೆಡಿಕೇರ್‌ಗೆ ಬಿಲ್ಲು ಸಲ್ಲಿಸಲು ಚಿಕಿತ್ಸೆಯ ದಿನದಿಂದ ಒಂದು ವರ್ಷದ ಅವಕಾಶವಿದ್ದರೆ, ಖಾಸಗಿ ವಿಮೆಗಳಲ್ಲಿ ಈ ಗಡುವು ಹಲವೆಡೆ ಮೂರು ತಿಂಗಳಿಗೇ ಮುಗಿಯುತ್ತದೆ. ಸಂಗೀತ ಕೇಳುತ್ತಾ ಅರ್ಧ ಗಂಟೆ ಕಾಯುವ ತಾಳ್ಮೆ, ಉಚ್ಚಾರಣೆಗೆ ಅಂಜದೆ ಇಂಗ್ಲಿಷಿನಲ್ಲಿ ಪಟ್ಟು ಹಿಡಿಯುವ ಛಲ ಇಲ್ಲಿನ ಬಂಡವಾಳ.

ಮೂರನೆಯದು ಕೋಡಿಂಗ್. ವೈದ್ಯರ ಟಿಪ್ಪಣಿಯನ್ನು ಓದಿ ಸರಿಯಾದ ಸಂಕೇತ ಹಚ್ಚುವುದು. ಅಂಗರಚನೆ, ಶರೀರಕ್ರಿಯೆ, ಔಷಧಗಳ ಪರಿಚಯವಿಲ್ಲದೆ ಇದು ಸಾಧ್ಯವಿಲ್ಲ. ಆದ್ದರಿಂದಲೇ ಕಂಪನಿಗಳು ಜೀವವಿಜ್ಞಾನ, ಫಾರ್ಮಸಿ, ನರ್ಸಿಂಗ್, ಫಿಸಿಯೊಥೆರಪಿ ಓದಿದವರನ್ನು ಬಯಸುತ್ತವೆ. ಆಯುರ್ವೇದ, ಹೋಮಿಯೋಪಥಿ, ದಂತವೈದ್ಯ ಪದವೀಧರರೂ ಈ ಸಾಲಿನಲ್ಲಿದ್ದಾರೆ. ರೋಗಿಯ ನಾಡಿ ಹಿಡಿಯಬೇಕಾದ ಕೈ ಕೀಲಿಮಣೆಯ ಮೇಲೆ ನಿಂತಿರುವುದು ನಮ್ಮ ವೈದ್ಯಕೀಯ ಶಿಕ್ಷಣದ ಬಗ್ಗೆಯೂ ಏನನ್ನೋ ಹೇಳುತ್ತದೆ. ನಾಲ್ಕನೆಯ ಮೆಟ್ಟಿಲು ತಪಾಸಣೆಯದು. ಇತರರು ಹಚ್ಚಿದ ಸಂಕೇತಗಳನ್ನು ಪರಿಶೀಲಿಸುವ, ತಿರಸ್ಕೃತ ಬಿಲ್ಲುಗಳಿಗೆ ಮೇಲ್ಮನವಿ ಬರೆಯುವ ಅನುಭವಿಗಳ ಜಾಗ ಇದು. ಮೇಲೇರಿದಂತೆ ಮೆಟ್ಟಿಲು ಕಿರಿದಾಗುತ್ತದೆ, ಸಂಬಳ ಹಿಗ್ಗುತ್ತದೆ.

ಪ್ರಮಾಣಪತ್ರ ಯಾರದು?

ತರಬೇತಿಯ ವಿಷಯದಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಕೋಡಿಂಗ್ ಉದ್ಯಮ ಪ್ರಮುಖವಾಗಿ ಮಾನ್ಯ ಮಾಡುವುದು ಎರಡು ಅಮೆರಿಕನ್ ಸಂಸ್ಥೆಗಳ ಪರೀಕ್ಷೆಗಳನ್ನು. ಒಂದು 1988ರಲ್ಲಿ ಸ್ಥಾಪನೆಯಾದ ಎಎಪಿಸಿ. ಇನ್ನೊಂದು 1928ರಿಂದ ವೈದ್ಯಕೀಯ ದಾಖಲೆಗಳ ಕ್ಷೇತ್ರದಲ್ಲಿರುವ ಅಹಿಮಾ. ಎಎಪಿಸಿಯ ಸಿಪಿಸಿ ಪರೀಕ್ಷೆಯಲ್ಲಿ 100 ಪ್ರಶ್ನೆಗಳು, ನಾಲ್ಕು ಗಂಟೆಗಳ ಅವಧಿ, ಉತ್ತೀರ್ಣರಾಗಲು ಶೇ 70 ಅಂಕ. ಸಂಕೇತ ಪುಸ್ತಕಗಳನ್ನು ಎದುರಿಗಿಟ್ಟುಕೊಂಡೇ ಬರೆಯಬಹುದು. ಆದರೂ ಪುಟ ಹುಡುಕುತ್ತ ಕುಳಿತವರಿಗೆ ಸಮಯ ಸಾಲುವುದಿಲ್ಲ. ಅನುಭವವಿಲ್ಲದೆ ಉತ್ತೀರ್ಣರಾದವರ ಬಿರುದಿಗೆ 'ಎ' ಎಂಬ ಅಕ್ಷರ ಅಂಟಿಕೊಳ್ಳುತ್ತದೆ. ಇನ್ನೂ ಅಭ್ಯಾಸಿ ಎಂದು ಅದರರ್ಥ. ಬಿರುದು ಉಳಿಸಿಕೊಳ್ಳಲು ಪ್ರತಿ ಎರಡು ವರ್ಷಕ್ಕೆ 36 ಅಂಶಗಳಷ್ಟು ನಿರಂತರ ಕಲಿಕೆಯ ಲೆಕ್ಕವನ್ನೂ ಒಪ್ಪಿಸಬೇಕು.

ಇದಕ್ಕೆ ಕಾರಣವೂ ಇದೆ. ಕೋಡರನ ಪುಸ್ತಕ ಪಂಚಾಂಗದಂತೆ ವರ್ಷಕ್ಕೊಮ್ಮೆ ಹಳತಾಗುತ್ತದೆ. ಅವನಿಗೆ ಎರಡೆರಡು ಯುಗಾದಿ. ರೋಗಗಳ ಸಂಕೇತ ಅಕ್ಟೋಬರ್ 1ಕ್ಕೆ ಬದಲಾದರೆ, ಚಿಕಿತ್ಸೆಯ ಸಂಕೇತ ಜನವರಿ 1ಕ್ಕೆ ಬದಲಾಗುತ್ತದೆ. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-9 ತೊರೆದು ಐಸಿಡಿ-10ಕ್ಕೆ ಹೊರಳಿದಾಗ ಸುಮಾರು 14 ಸಾವಿರವಿದ್ದ ರೋಗಸಂಕೇತಗಳು ಒಮ್ಮೆಲೇ 68 ಸಾವಿರದ ಆಸುಪಾಸಿಗೆ ಏರಿದವು. 2021ರ ಜನವರಿಯಲ್ಲಿ ಕ್ಲಿನಿಕ್ ಭೇಟಿಗಳ ಮಟ್ಟ ನಿರ್ಧರಿಸುವ ನಿಯಮವೇ ಬದಲಾಯಿತು. ಮೂರು ತಿಂಗಳ ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದು ಇಂತಹ ಬದಲಾವಣೆಗಳ ಮುಂದೆ ನಿಲ್ಲದು.

ಬೀದಿಬದಿಯ ಕೇಂದ್ರವೊಂದು ಕೊಡುವ 'ಡಿಪ್ಲೊಮಾ' ಈ ಎರಡರಲ್ಲಿ ಯಾವುದೂ ಅಲ್ಲ. ಪರೀಕ್ಷೆಗೆ ಸಿದ್ಧಗೊಳಿಸುವ ಉತ್ತಮ ತರಬೇತಿ ಕೇಂದ್ರಗಳು ಇವೆ ಎಂಬುದು ನಿಜ. ಆದರೆ ಶುಲ್ಕದಲ್ಲಿ ಪರೀಕ್ಷಾ ಶುಲ್ಕ, ಸದಸ್ಯತ್ವ, ಪುಸ್ತಕಗಳ ಬೆಲೆ ಸೇರಿದೆಯೇ ಎಂಬುದನ್ನು ಎಲ್ಲರೂ ಸ್ಪಷ್ಟವಾಗಿ ಹೇಳುವುದಿಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮೊದಲ ಎರಡು ಮೆಟ್ಟಿಲುಗಳ ಕೆಲಸಕ್ಕೆ ಕಂಪನಿಗಳು ಹೊಸಬರನ್ನು ನೇರವಾಗಿ ತೆಗೆದುಕೊಂಡು ತಾವೇ ತರಬೇತಿ ನೀಡುವುದು ಈ ಉದ್ಯಮದ ವಾಡಿಕೆ. ಸಂಬಳ ಪಡೆಯುತ್ತಲೇ ಕಲಿಯಬಹುದಾದ ವಿದ್ಯೆಗೆ ಹಣ ತೆತ್ತು ಕಲಿಯುವವರ ಸಂಖ್ಯೆ ಕಡಿಮೆಯಿಲ್ಲ ಎಂಬುದೇ ಇಲ್ಲಿನ ವಿಪರ್ಯಾಸ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸರಳ. ಈ ತರಬೇತಿ ಯಾವ ಪರೀಕ್ಷೆಗೆ? ಕಳೆದ ವರ್ಷ ಕಲಿತವರಲ್ಲಿ ಎಷ್ಟು ಮಂದಿ ಅದನ್ನು ಬರೆದರು, ಎಷ್ಟು ಮಂದಿ ಉತ್ತೀರ್ಣರಾದರು? ಪಾಠ ಮಾಡುವವರಿಗೆ ಸ್ವತಃ ಆ ಬಿರುದು ಇದೆಯೇ? 'ಖಚಿತ ಉದ್ಯೋಗ' ಎಂಬ ಮಾತು ರಸೀದಿಯ ಮೇಲೆ ಬರವಣಿಗೆಯಲ್ಲಿ ಇದೆಯೇ? ಉತ್ತರ ಕೊಡಲು ತಡವರಿಸುವ ಕೇಂದ್ರದಿಂದ ದೂರ ಉಳಿಯುವುದು ಲೇಸು.

ಹಳೆಯದೊಂದು ಪಾಠ

ಇಂದಿನ ಫಲಕಗಳನ್ನು ನೋಡಿದಾಗ ನಲವತ್ತು ದಾಟಿದ ಬೆಂಗಳೂರಿಗರಿಗೆ ಇನ್ನೊಂದು ಹೆಸರು ನೆನಪಾಗದಿರದು: ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. 1990ರ ದಶಕದಲ್ಲಿ ಹೆಲ್ತ್‌ಸ್ಕ್ರೈಬ್‌ನಂತಹ ಕಂಪನಿಗಳ ಮೂಲಕ ಈ ಕೆಲಸ ನಗರಕ್ಕೆ ಬಂದಿತು. ಅಮೆರಿಕದ ವೈದ್ಯರು ಹಗಲಿನಲ್ಲಿ ಧ್ವನಿಮುದ್ರಿಸಿದ ಟಿಪ್ಪಣಿಗಳು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಗೆ ಬಂದು, ಅವರು ನಿದ್ರಿಸುವ ಹೊತ್ತಿನಲ್ಲಿ ಅಕ್ಷರರೂಪ ತಾಳಿ ಮರಳುತ್ತಿದ್ದವು. ಹೊಸ ಶತಮಾನದ ಆರಂಭದಲ್ಲಿ ತರಬೇತಿ ಕೇಂದ್ರಗಳು ಅಣಬೆಗಳಂತೆ ತಲೆಯೆತ್ತಿದವು. ಇಂಗ್ಲಿಷ್ ಬಲ್ಲ ಪದವೀಧರರಿಗೆ, ಅದರಲ್ಲಿಯೂ ಮನೆಯಿಂದಲೇ ದುಡಿಯಬಯಸುವ ಮಹಿಳೆಯರಿಗೆ, ಇದು ಭಾಗ್ಯದ ಬಾಗಿಲೆಂದು ಪ್ರಚಾರ ಮಾಡಲಾಯಿತು.

ಮುಂದೆ ನಡೆದದ್ದು ಎರಡು ಘಟ್ಟಗಳಲ್ಲಿ. ಮೊದಲು ಧ್ವನಿಯನ್ನು ಗುರುತಿಸುವ ತಂತ್ರಾಂಶ ಕರಡು ಸಿದ್ಧಪಡಿಸತೊಡಗಿತು. ಬೆರಳಚ್ಚುಗಾರರು ಕರಡು ತಿದ್ದುವ ಸಂಪಾದಕರಾದರು, ಸಾಲಿಗಿಷ್ಟು ಎಂಬ ಅವರ ದರ ಇಳಿಯಿತು. ನಂತರ 2009ರಲ್ಲಿ ಅಮೆರಿಕ ಜಾರಿಗೆ ತಂದ ಹೈಟೆಕ್ ಕಾಯ್ದೆಯು ವಿದ್ಯುನ್ಮಾನ ದಾಖಲೆಗಳಿಗೆ ಕೋಟ್ಯಂತರ ಡಾಲರ್ ಪ್ರೋತ್ಸಾಹಧನ ನೀಡಿತು. ವೈದ್ಯರು ತಾವೇ ಪರದೆಯ ಮೇಲೆ ಒತ್ತಿ ತುಂಬುವ ನಮೂನೆಗಳು ಬಂದವು. ಧ್ವನಿ ತಂತ್ರಜ್ಞಾನದ ಮುಂಚೂಣಿಯಲ್ಲಿದ್ದ ನುವಾನ್ಸ್ ಕಂಪನಿಯನ್ನು ಸುಮಾರು 1,970 ಕೋಟಿ ಡಾಲರ್ ಕೊಟ್ಟು ಕೊಳ್ಳುವುದಾಗಿ ಮೈಕ್ರೊಸಾಫ್ಟ್ 2021ರಲ್ಲಿ ಪ್ರಕಟಿಸಿದ ಹೊತ್ತಿಗೆ, ಆ ವೃತ್ತಿ ತನ್ನ ಹಿಂದಿನ ಬಲವನ್ನು ಕಳೆದುಕೊಂಡಾಗಿತ್ತು.

ಅಂದು ಉಳಿದವರು ಯಾರು? ಬೆರಳಿನ ವೇಗವನ್ನಷ್ಟೇ ಕಲಿತವರು ಹೊರಗಾದರು. ಕೇಳಿಸಿಕೊಳ್ಳುವಾಗ ವೈದ್ಯಕೀಯ ಭಾಷೆಯನ್ನೇ ಮೈಗೂಡಿಸಿಕೊಂಡವರಿಗೆ ಕೋಡಿಂಗ್‌ನತ್ತ, ಗುಣಮಟ್ಟ ಪರಿಶೀಲನೆಯತ್ತ ಹೊರಳುವ ದಾರಿಯಿತ್ತು. ಬೆಂಗಳೂರಿನಲ್ಲಿಯೇ 2003ರಲ್ಲಿ ಆರಂಭವಾದ ಒಮೆಗಾ ಹೆಲ್ತ್‌ಕೇರ್‌ನಂತಹ ಬಿಲ್ಲಿಂಗ್ ಕಂಪನಿಗಳು ಅದೇ ಕಾಲದಲ್ಲಿ ಬೆಳೆಯುತ್ತಿದ್ದವು. ಇಂದು ಬಿಲ್ಲಿಂಗ್ ಕ್ಷೇತ್ರ ನಿಂತಿರುವುದು ಟ್ರಾನ್ಸ್‌ಕ್ರಿಪ್ಷನ್ ಅಂದು ನಿಂತಿದ್ದ ತಿರುವಿನಲ್ಲಿಯೇ.

ಇರುಳಿನ ಬೆಲೆ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ ಅಲ್ಲಿನ ವೈದ್ಯಕೀಯ ದಾಖಲೆ ತಜ್ಞರ ಮಧ್ಯಮ ವಾರ್ಷಿಕ ವೇತನ 2024ರ ಮೇ ತಿಂಗಳಲ್ಲಿ ಸುಮಾರು 50 ಸಾವಿರ ಡಾಲರ್, ಅಂದರೆ 40 ಲಕ್ಷ ರೂಪಾಯಿಗೂ ಹೆಚ್ಚು. ಬೆಂಗಳೂರಿನಲ್ಲಿ ಇದೇ ಕ್ಷೇತ್ರಕ್ಕೆ ಕಾಲಿಡುವ ಹೊಸಬರಿಗೆ ಸಾಮಾನ್ಯವಾಗಿ ದೊರೆಯುವುದು ತಿಂಗಳಿಗೆ 15ರಿಂದ 25 ಸಾವಿರ ರೂಪಾಯಿಗಳ ಆಸುಪಾಸು. ಪ್ರಮಾಣಪತ್ರವಿರುವ ಅನುಭವಿ ಕೋಡರುಗಳಿಗೆ ಇದರ ಹಲವು ಪಟ್ಟು ಸಿಗುತ್ತದೆ. ಕೆಲಸ ಇತ್ತ ಬಂದಿರುವುದಕ್ಕೆ ಇದೇ ಅಂತರ ಮೂಲ ಕಾರಣ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕೋಡಿಂಗ್ ವಿಭಾಗದವರಿಗೆ ಹಗಲು ಪಾಳಿ ದೊರೆಯುವುದುಂಟು, ಏಕೆಂದರೆ ಕಡತಕ್ಕೆ ಕಾಲದ ಹಂಗಿಲ್ಲ. ಕರೆ ಮಾಡುವವರಿಗೆ ಆ ಭಾಗ್ಯವಿಲ್ಲ. ಕ್ಯಾಲಿಫೋರ್ನಿಯಾದ ಕಚೇರಿಗಳು ಮುಚ್ಚುವಾಗ ಇಲ್ಲಿ ಬೇಸಿಗೆಯಲ್ಲಿ ನಸುಕಿನ ಐದೂವರೆ. ದಿನಕ್ಕಿಷ್ಟು ಕರೆ, ಗಂಟೆಗಿಷ್ಟು ಕಡತ, ಅದರಲ್ಲಿ ಶೇ 95ರಷ್ಟು ನಿಖರತೆ ಎಂಬ ಗುರಿಗಳು ಬೆನ್ನ ಹಿಂದೆ ಇರುತ್ತವೆ. ನಿದ್ರೆ, ಜೀರ್ಣಶಕ್ತಿ, ಹಬ್ಬಹರಿದಿನ, ಮದುವೆ ಮಾತುಕತೆ ಎಲ್ಲವೂ ಅಮೆರಿಕದ ಗಡಿಯಾರಕ್ಕೆ ಹೊಂದಿಕೊಳ್ಳಬೇಕು.

ರಾತ್ರಿ ಪಾಳಿಯ ಅಪಾಯವನ್ನು ಬೆಂಗಳೂರು ಕಹಿಯಾಗಿಯೇ ಅರಿತಿದೆ. 2005ರ ಡಿಸೆಂಬರ್‌ನಲ್ಲಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ಚಾಲಕನಿಂದಲೇ ಅತ್ಯಾಚಾರಕ್ಕೊಳಗಾಗಿ ಹತ್ಯೆಯಾದ ಬಳಿಕ ಮಹಿಳಾ ಉದ್ಯೋಗಿಗಳ ಸಾರಿಗೆಯ ಹೊಣೆ ಯಾರದು ಎಂಬ ಪ್ರಶ್ನೆ ದೇಶದ ಗಮನ ಸೆಳೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಮಹಿಳೆಯರ ರಾತ್ರಿ ಕೆಲಸಕ್ಕೆ ಅವರ ಒಪ್ಪಿಗೆ ಹಾಗೂ ಸುರಕ್ಷತಾ ವ್ಯವಸ್ಥೆಯನ್ನು ಷರತ್ತಾಗಿಸಿವೆ, ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ತರಬೇತಿಯ ಹೆಸರಿನಲ್ಲಿ ತಿಂಗಳುಗಟ್ಟಲೆ ಪತ್ರವಿಲ್ಲದೆ ದುಡಿಸಿಕೊಳ್ಳುವವರ ಎದುರು ಹೊಸಬರ ಕೈಯಲ್ಲಿರುವ ಅಸ್ತ್ರ ಇದು. ಅದನ್ನು ಬಳಸಲು ಅರಿವು ಬೇಕು.

ಎರಡು ಕಡೆಯಿಂದ ಒತ್ತಡ

ಯಂತ್ರದ ಒತ್ತಡ ಈಗ ಊಹೆಯ ಮಾತಾಗಿ ಉಳಿದಿಲ್ಲ. ಎಕ್ಸ್‌ರೇ ವರದಿಯಂತಹ ಚಿಕ್ಕ, ಪುನರಾವರ್ತಿತ ದಾಖಲೆಗಳಿಗೆ ಮನುಷ್ಯರ ನೆರವಿಲ್ಲದೆ ಸಂಕೇತ ಹಚ್ಚುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಾರುಕಟ್ಟೆಯಲ್ಲಿವೆ. ಹಣ ಜಮಾ ಮಾಡುವ, ವಿಮೆಯ ಸಿಂಧುತ್ವ ಪರಿಶೀಲಿಸುವ ಕೆಲಸಗಳು ಅದಕ್ಕೂ ಮೊದಲೇ ತಂತ್ರಾಂಶದ ಪಾಲಾಗತೊಡಗಿದ್ದವು. ಕುಸಿಯುತ್ತಿರುವುದು ಮೊದಲ ಮೆಟ್ಟಿಲು. ತರಬೇತಿ ಕೇಂದ್ರಗಳು ಹೆಚ್ಚಾಗಿ ಜನರನ್ನು ನಿಲ್ಲಿಸುತ್ತಿರುವುದೂ ಅದೇ ಮೆಟ್ಟಿಲ ಮೇಲೆ.

ಯಂತ್ರ ಮೇಜಿನ ಆಚೆ ಬದಿಯಲ್ಲಿಯೂ ಇದೆ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ದೊಡ್ಡ ವಿಮಾ ಕಂಪನಿಯೊಂದರ ವೈದ್ಯರು 2022ರ ಎರಡು ತಿಂಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕ್ಲೇಮುಗಳನ್ನು, ಒಂದೊಂದಕ್ಕೆ ಸರಾಸರಿ 1.2 ಸೆಕೆಂಡ್ ವ್ಯಯಿಸಿ, ತಂತ್ರಾಂಶದ ಸೂಚನೆಯಂತೆ ತಿರಸ್ಕರಿಸಿದ್ದರೆಂದು ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2023ರಲ್ಲಿ ವರದಿ ಮಾಡಿತು. ಕ್ಷಣಮಾತ್ರದಲ್ಲಿ ತಿರಸ್ಕೃತವಾದ ಬಿಲ್ಲನ್ನು ಮತ್ತೆ ಎತ್ತಿ ನಿಲ್ಲಿಸಲು ಟಿಪ್ಪಣಿ ಓದಬಲ್ಲ, ನಿಯಮ ಬಲ್ಲ, ವಾದ ಹೂಡಬಲ್ಲ ಮನುಷ್ಯರು ಬೇಕು. ಮೇಲಿನ ಮೆಟ್ಟಿಲುಗಳು ಸದ್ಯಕ್ಕೆ ಗಟ್ಟಿಯಾಗಿರುವುದಕ್ಕೆ ಇದು ಕಾರಣ.

ವ್ಯವಸ್ಥೆ ಎಷ್ಟು ನಾಜೂಕು ಎಂಬುದು 2024ರ ಫೆಬ್ರವರಿ 21ರಂದು ಬಯಲಾಯಿತು. ವರ್ಷಕ್ಕೆ ಸುಮಾರು 1,500 ಕೋಟಿ ಆರೋಗ್ಯ ವಹಿವಾಟುಗಳನ್ನು ನಿರ್ವಹಿಸುತ್ತಿದ್ದ ಚೇಂಜ್ ಹೆಲ್ತ್‌ಕೇರ್ ಮೇಲೆ ಸೈಬರ್ ದಾಳಿ ನಡೆದು ಕ್ಲೇಮುಗಳು ವಾರಗಟ್ಟಲೆ ಸ್ಥಗಿತಗೊಂಡವು. ಮಾತೃಸಂಸ್ಥೆಯು 2.2 ಕೋಟಿ ಡಾಲರ್ ಒತ್ತೆಹಣ ತೆತ್ತಿತು. ಸುಮಾರು 19 ಕೋಟಿ ಜನರ ಮಾಹಿತಿ ಸೋರಿಕೆಯಾಗಿರಬಹುದೆಂದು ಅದು ಬಳಿಕ ಅಂದಾಜಿಸಿತು. ರೋಗಿಗಳ ಮಾಹಿತಿ ದೇಶದಾಚೆ ಹೋಗಬಾರದೆಂಬ ಕೂಗಿಗೆ ಇಂತಹ ಘಟನೆಗಳು ಬಲ ತುಂಬುತ್ತವೆ. ಮೆಡಿಕೇಡ್ ಕೆಲಸವನ್ನು ವಿದೇಶಕ್ಕೆ ಕಳುಹಿಸದಂತೆ ಅಮೆರಿಕದ ಕೆಲವು ರಾಜ್ಯಗಳು ಮೊದಲೇ ನಿರ್ಬಂಧ ಹೇರಿವೆ. 2025ರ ಸೆಪ್ಟೆಂಬರ್‌ನಲ್ಲಿ ಓಹಾಯೊದ ಸೆನೆಟರ್ ಬರ್ನಿ ಮೊರೆನೊ ಹೊರಗುತ್ತಿಗೆ ಪಾವತಿಗಳ ಮೇಲೆ ಶೇ 25ರಷ್ಟು ತೆರಿಗೆ ವಿಧಿಸುವ ಮಸೂದೆಯನ್ನು ಮಂಡಿಸಿದರು. ಮಸೂದೆ ಮಂಡನೆಯಾದ ಮಾತ್ರಕ್ಕೆ ಕಾನೂನಾಗದು, ನಿಜ. ಆದರೆ ಗಾಳಿ ಬೀಸುವ ದಿಕ್ಕನ್ನು ಅದು ತೋರಿಸುತ್ತದೆ.

ಮನೆಯಂಗಳದ ಅವಕಾಶ

ಹಾಗಾದರೆ ಈ ವಿದ್ಯೆ ಕಲಿತವರು ಸದಾ ಸಾಗರದಾಚೆಗೆ ಕಣ್ಣು ನೆಟ್ಟು ಕೂರಬೇಕೇ? ಕರ್ನಾಟಕದ ಆಸ್ಪತ್ರೆಗಳತ್ತ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚವನ್ನು ಆಸ್ಪತ್ರೆಗೆ ಭರಿಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಅಲ್ಲಿಯೂ ಪ್ರತಿ ಚಿಕಿತ್ಸೆಗೆ ಒಂದು ಸಂಕೇತ, ಒಂದು ದರ, ಪೂರ್ವಾನುಮತಿ ಮತ್ತು ದಾಖಲೆಗಳ ಕಟ್ಟು ಬೇಕು. ಕಡತ ಕೆಟ್ಟರೆ ಹಣ ಬಾರದು.

ಖಾಸಗಿ ವಿಮೆಯಲ್ಲಿಯೂ ಬದಲಾವಣೆ ವೇಗವಾಗಿದೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ವಿಮಾ ಕಂಪನಿಗಳಿಗೆ ಆದೇಶಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ಜಿಎಸ್‌ಟಿ ರದ್ದಾಗಿದ್ದು, ಪಾಲಿಸಿ ಕೊಳ್ಳುವವರ ಹೊರೆ ಇಳಿದಿದೆ. ಆದರೂ ವೈದ್ಯರು ಬೆಳಿಗ್ಗೆಯೇ ಮನೆಗೆ ಹೋಗಬಹುದೆಂದ ರೋಗಿ ಸಂಜೆಯವರೆಗೆ ಬಿಲ್ಲಿಂಗ್ ಕೌಂಟರಿನ ಮುಂದೆ ಕಾಯುವ ದೃಶ್ಯ ಯಾರಿಗೂ ಹೊಸದಲ್ಲ. ವಿಮಾ ಕಂಪನಿ ಕೇಳಿದ ದಾಖಲೆಯನ್ನು ಮೊದಲ ಬಾರಿಗೇ ಸರಿಯಾಗಿ ಕಳುಹಿಸಬಲ್ಲ, ತಿರಸ್ಕಾರದ ಕಾರಣವನ್ನು ರೋಗಿಯ ಕಡೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಸಿಬ್ಬಂದಿಯಿದ್ದರೆ ಆ ಕಾಯುವಿಕೆ ಎಷ್ಟೋ ತಗ್ಗುತ್ತಿತ್ತು.

ಈ ಕೆಲಸಕ್ಕೆ ಆಸ್ಪತ್ರೆಗಳು ಇನ್ನೂ ಗೌರವದ ಸಂಬಳ ಕೊಡುತ್ತಿಲ್ಲ, ಇಂತಹುದೇ ಅರ್ಹತೆ ಬೇಕೆಂದು ಕೇಳುತ್ತಿಲ್ಲ ಎಂಬ ಆಕ್ಷೇಪ ಸರಿಯಾದುದೇ. ಆದರೆ ಕಾನೂನು ಈಗಾಗಲೇ ಒಂದು ಹೆಜ್ಜೆ ಮುಂದಿದೆ. 2021ರ ರಾಷ್ಟ್ರೀಯ ಸಂಬದ್ಧ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯ ವರ್ಗದಡಿ ಕ್ಲಿನಿಕಲ್ ಕೋಡರ್, ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನಿಸ್ಟ್ ಇಬ್ಬರ ಹೆಸರೂ ಇದೆ. ಫಿಸಿಯೊಥೆರಪಿಸ್ಟರಂತೆ, ಪ್ರಯೋಗಾಲಯ ತಂತ್ರಜ್ಞರಂತೆ ಇವರೂ ಆರೋಗ್ಯ ಕ್ಷೇತ್ರದ ವೃತ್ತಿಪರರೆಂದು ಸಂಸತ್ತು ಒಪ್ಪಿದೆ. ಶಿಕ್ಷಣದ ಮಟ್ಟ ನಿಗದಿಪಡಿಸುವುದು, ವೃತ್ತಿಪರರ ನೋಂದಣಿ ಮಾಡುವುದು ಆ ಕಾಯ್ದೆಯ ಉದ್ದೇಶ. ಬೀದಿಯ ಫಲಕಗಳಲ್ಲಿ ಈ ಕಾಯ್ದೆಯ ಹೆಸರು ಕಾಣುವುದಿಲ್ಲ. ರಾಜ್ಯದ ಕಾಲೇಜುಗಳು ಪಠ್ಯಕ್ರಮ ರೂಪಿಸುವಾಗ, ಸರ್ಕಾರದ ಕೌಶಲ ಯೋಜನೆಗಳು ಹಣ ಹಂಚುವಾಗ ಅದನ್ನೇ ಅಳತೆಗೋಲಾಗಿ ಹಿಡಿದರೆ ಅರೆಬೆಂದ ತರಬೇತಿಯ ಮಾರುಕಟ್ಟೆ ತಾನಾಗಿ ಕುಗ್ಗುತ್ತದೆ.

ಕಲಿಯಬೇಕಾದುದು ಏನು?

ಮೆಡಿಕಲ್ ಬಿಲ್ಲಿಂಗ್ ಮುಗಿದ ಕತೆ ಎನ್ನುವುದು ಅವಸರದ ಮಾತು. ಮೂರು ತಿಂಗಳಲ್ಲಿ ಬದುಕು ಬದಲಾಗುತ್ತದೆ ಎನ್ನುವುದು ಮೋಸದ ಮಾತು. ಟ್ರಾನ್ಸ್‌ಕ್ರಿಪ್ಷನ್‌ನ ಚರಿತ್ರೆ ಹೇಳುವುದಿಷ್ಟೇ: ಯಂತ್ರ ಮೊದಲು ಕಿತ್ತುಕೊಳ್ಳುವುದು ಅರ್ಥವಾಗದೆಯೂ ಮಾಡಬಹುದಾದ ಕೆಲಸವನ್ನು. ದೇಹದ ರಚನೆಯನ್ನು, ವೈದ್ಯರ ಟಿಪ್ಪಣಿಯನ್ನು, ವಿಮೆಯ ಕರಾರನ್ನು ಓದಿ ತಿಳಿಯಬಲ್ಲವರಿಗೆ ಅಮೆರಿಕದ ಬಾಗಿಲು ಮುಚ್ಚಿದರೂ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಆಸ್ಪತ್ರೆಗಳ ಬಾಗಿಲು ಇದ್ದೇ ಇರುತ್ತದೆ. ಸಂಕೇತಗಳನ್ನು ಬಾಯಿಪಾಠ ಮಾಡಿದವರಿಗೆ ಎರಡೂ ಇಲ್ಲ.

ಕಲಬುರಗಿಯ ಹುಡುಗಿಗೆ ಫಾರ್ಮಸಿ ಪದವಿಯ ಬಲವಿದೆ. ಸಿಪಿಸಿ ಪರೀಕ್ಷೆ ಬರೆದು, ಪ್ರತಿ ಅಕ್ಟೋಬರ್‌ಗೆ ತನ್ನ ಪುಸ್ತಕವನ್ನು ಹೊಸದಾಗಿಸಿಕೊಂಡರೆ ಆಕೆ ಮೇಲಿನ ಮೆಟ್ಟಿಲೇರಬಲ್ಲಳು. ಹಾಸನದ ಹುಡುಗನ ದಾರಿ ಕಡಿದು. ಆದರೆ ಪ್ರತಿ ರಾತ್ರಿ ಅವನು ಕೇಳುವ 'ಈ ಬಿಲ್ಲನ್ನು ಏಕೆ ತಿರಸ್ಕರಿಸಿದಿರಿ?' ಎಂಬ ಪ್ರಶ್ನೆಯ ಉತ್ತರವನ್ನು ನಮೂನೆಯಲ್ಲಿ ತುಂಬಿ ಮುಂದಕ್ಕೆ ಹೋಗದೆ, ಅದರ ಹಿಂದಿನ ನಿಯಮವನ್ನು ಒಂದೊಂದಾಗಿ ಕಲಿಯುತ್ತ ಹೋದರೆ ಅವನ ಎದುರಿಗಿರುವ ಕಂಪ್ಯೂಟರೇ ಅವನ ಪಾಠಶಾಲೆ. ಅದಕ್ಕೆ ಶುಲ್ಕ ಕಟ್ಟಬೇಕಿಲ್ಲ. ಕಂಪನಿ ಅದಕ್ಕೆ ಬಿಡುವು ಕೊಡಬೇಕು, ಸರ್ಕಾರ ಆ ಕಲಿಕೆಗೆ ಮಾನ್ಯತೆ ನೀಡಬೇಕು. ಈ ಎರಡೂ ಆಗದಿದ್ದಲ್ಲಿ, ಇನ್ನು ಹತ್ತು ವರ್ಷಗಳ ಬಳಿಕ ಇದೇ ಬೀದಿಗಳಲ್ಲಿ ಇದೇ ಭರವಸೆ ಇನ್ನೊಂದು ಹೆಸರಿನ ಫಲಕದ ಮೇಲೆ ತೂಗುತ್ತಿರುತ್ತದೆ.